ದುಡ್ಡು ಪಡೆದಿದ್ದೇನೆ ಎನ್ನಲು ಕನ್ನಡದಲ್ಲಿ ಮಾತಿಲ್ಲವೇ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ನನ್ನ ಅಕ್ಕನ ಮಗಳು ಚರ್ಮದ ಆರೈಕೆಯ ಬಗ್ಗೆ ಕನ್ನಡದಲ್ಲಿ ವಿಡಿಯೊ ಮಾಡುತ್ತಾಳೆ. ಮೊದಲ ಸಲ ಒಂದು ಕಂಪನಿ ಅವಳಿಗೆ ಕ್ರೀಮ್ ಕಳಿಸಿ, ಹಣವನ್ನೂ ಕೊಡುತ್ತೇವೆ ಎಂದಿದೆ. ವಿಡಿಯೊ ಹಾಕುವ ಮೊದಲು ತಮಗೆ ತೋರಿಸಬೇಕು, ಕ್ಯಾಪ್ಷನ್ನಿನ ಕೊನೆಯಲ್ಲಿ ‘ಕೊಲ್ಯಾಬ್’ (ಸಹಯೋಗ) ಎಂಬ ಹ್ಯಾಷ್‌ಟ್ಯಾಗ್ ಇದ್ದರೆ ಸಾಕು ಎಂಬುದು ಅವರ ಷರತ್ತು. ಇದರಲ್ಲಿ ತಪ್ಪೇನು? ಸಿನಿಮಾ ನಟರು ಟಿ.ವಿ. ಜಾಹೀರಾತಿನಲ್ಲಿ ‘ನಾನು ದುಡ್ಡು ಪಡೆದಿದ್ದೇನೆ’ ಎಂದು ಹೇಳುತ್ತಾರೆಯೇ? ನೋಡುವವರಿಗೆ ಎಲ್ಲ ಗೊತ್ತಿರುತ್ತದೆ. ಸಣ್ಣವರ ಮೇಲೆಯೇ ಯಾಕೆ ಈ ಕಟ್ಟುಪಾಡು?

ಸಂಪಾದಕರ ಉತ್ತರ:

ನಿಮ್ಮ ಪತ್ರದ ಒಂದು ಭಾಗವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಹುಡುಗಿ ಹಣ ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಒಂದು ನಿಮಿಷದ ರೀಲ್‌ಗೆ ಮಾತು ಬರೆಯಬೇಕು, ಬೆಳಕು ಹೊಂದಿಸಬೇಕು, ಹತ್ತು ಸಲ ಚಿತ್ರೀಕರಿಸಿ ಒಂದನ್ನು ಉಳಿಸಿಕೊಳ್ಳಬೇಕು, ಕತ್ತರಿಸಿ ಜೋಡಿಸಬೇಕು. ಕೆಲಸಕ್ಕೆ ಕೂಲಿ ಬರಲೇಬೇಕು. ಆದರೆ ‘ನೋಡುವವರಿಗೆ ಎಲ್ಲ ಗೊತ್ತಿರುತ್ತದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಎಲ್ಲರಿಗೂ ಗೊತ್ತಿರುವ ಸಂಗತಿಯೇ ಆಗಿದ್ದರೆ ಕಂಪನಿ ಅದನ್ನು ಕ್ಯಾಪ್ಷನ್ನಿನ ತೀರಾ ಕೊನೆಗೆ ತಳ್ಳಿ ಎಂದು ಷರತ್ತು ಹಾಕುತ್ತಿರಲಿಲ್ಲ.

ಟಿ.ವಿ. ಜಾಹೀರಾತಿಗೆ ಬೇಲಿ ಇದೆ. ಧಾರಾವಾಹಿ ನಿಲ್ಲುತ್ತದೆ, ಸಂಗೀತ ಬದಲಾಗುತ್ತದೆ, ನಟ ಬಂದು ಸೋಪು ಹಿಡಿದು ನಗುತ್ತಾನೆ, ಧಾರಾವಾಹಿ ಮತ್ತೆ ಶುರುವಾಗುತ್ತದೆ. ಇದು ಕೊಟ್ಟ ದುಡ್ಡಿಗೆ ಆಡಿದ ಮಾತು ಎಂದು ಆ ಬೇಲಿಯೇ ಸಾರುತ್ತದೆ. ನಿಮ್ಮ ಅಕ್ಕನ ಮಗಳ ವಿಡಿಯೊಗೆ ಅಂಥ ಬೇಲಿ ಇಲ್ಲ. ನಿನ್ನೆ ಮೊಡವೆಯ ಕಷ್ಟ ಹೇಳಿಕೊಂಡ ಅದೇ ಮುಖ, ಅದೇ ಕೋಣೆ, ಅದೇ ಕನ್ನಡಿ, ಅದೇ ದನಿ. ಇವತ್ತು ಕ್ರೀಮಿನ ಬಗ್ಗೆ ಒಳ್ಳೆಯ ಮಾತು. ಪರದೆಯ ಮೇಲಿನವರು ನೇರವಾಗಿ ನಮ್ಮತ್ತ ನೋಡಿ ಮಾತಾಡುತ್ತಿದ್ದರೆ ನಮ್ಮೊಳಗೆ ಒಂದು ಏಕಮುಖ ಸ್ನೇಹ ಬೆಳೆಯುತ್ತದೆ ಎಂದು ಸಮಾಜವಿಜ್ಞಾನಿಗಳಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದಿದ್ದರು. ಟಿ.ವಿ. ಇನ್ನೂ ಎಳೆಯದಾಗಿದ್ದ ಕಾಲ ಅದು. ಇವತ್ತು ಆ ಮುಖ ಅಂಗೈಯಲ್ಲಿದೆ, ಹಾಸಿಗೆಯವರೆಗೂ ಬರುತ್ತದೆ, ಕಾಮೆಂಟಿಗೆ ಉತ್ತರವನ್ನೂ ಕೊಡುತ್ತದೆ. ಕಂಪನಿ ಹಣ ಕೊಟ್ಟು ಬಾಡಿಗೆಗೆ ಪಡೆಯುತ್ತಿರುವುದು ಆ ಸ್ನೇಹವನ್ನು. ಸ್ನೇಹಿತೆಯೊಬ್ಬಳು ‘ಇದು ಚೆನ್ನಾಗಿದೆ ಕಣೇ, ತಗೋ’ ಎಂದಾಗ ನಾವು ಬೆಲೆ ಹೋಲಿಸುವುದಿಲ್ಲ, ಅಡಕಗಳ ಪಟ್ಟಿ ಓದುವುದಿಲ್ಲ, ಸುಮ್ಮನೆ ನಂಬುತ್ತೇವೆ.

ಕಂಪನಿಗೂ ಹೊಗಳುವವರಿಗೂ ನಡುವಿನ ಯಾವ ನಂಟನ್ನು ಜಾಹೀರಾತಿನ ನಿಯಮಗಳು ‘ಮಹತ್ವದ ಸಂಬಂಧ’ ಎಂದು ಕರೆಯುತ್ತವೋ ಅದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಮಾತು ಹಿಂದಿನಿಂದಲೂ ಇದೆ: ಹಂಗು. ಹಣ ಪಡೆದರೆ ಹಂಗು. ಹಣವಿಲ್ಲದೆ ಡಬ್ಬಿ ಮಾತ್ರ ಪುಕ್ಕಟೆ ಬಂದರೂ, ‘ಹೊಗಳಿ’ ಎಂದು ಯಾರೂ ಕೇಳದಿದ್ದರೂ ಹಂಗು. ಪ್ರವಾಸ, ಹೋಟೆಲ್ ವಾಸ, ರಿಯಾಯಿತಿ, ಲಿಂಕಿನಿಂದ ಬರುವ ಕಮಿಷನ್, ತನ್ನ ಹೆಸರಿನ ಕೂಪನ್ ಕೋಡ್, ಕಂಪನಿಯಲ್ಲಿ ಕೆಲಸ ಮಾಡುವ ಅಣ್ಣ, ಅಲ್ಲಿನ ಷೇರು, ಎಲ್ಲವೂ ಹಂಗೇ. ತನ್ನ ಕೈಯಿಂದ ದುಡ್ಡು ಹಾಕಿ ಕೊಂಡದ್ದಕ್ಕೆ ಮಾತ್ರ ಹಂಗಿಲ್ಲ. ಹಂಗಿದ್ದರೆ ಹೊಗಳಬಾರದು ಎಂದು ಯಾವ ನಿಯಮವೂ ಹೇಳುವುದಿಲ್ಲ. ಹೇಳಿ ಹೊಗಳಿ ಎನ್ನುತ್ತದೆ.

ಇನ್ನು ಆ ‘ಕೊಲ್ಯಾಬ್’. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎನ್ನುತ್ತೇವಲ್ಲ, ಅದು ಇದೇ. ಇಬ್ಬರು ಗೆಳೆಯರು ಸೇರಿ ಹಾಡಿದರೂ ಕೊಲ್ಯಾಬ್, ಕಂಪನಿ ಚೆಕ್ ಬರೆದರೂ ಕೊಲ್ಯಾಬ್. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗಾಗಿಯೇ ಹೊರತಂದ ಪುಟ್ಟ ಕೈಪಿಡಿಯಲ್ಲಿ ‘ಕೊಲ್ಯಾಬ್’, ‘ಸ್ಪಾನ್ಸರ್ಡ್’ (ಪ್ರಾಯೋಜಿತ) ಎಂಬುದರ ಚುಟುಕುಗಳಾದ ‘ಸ್ಪಾನ್’, ‘ಎಸ್‌ಪಿ’ ಇಂಥವನ್ನು ಬಳಸಬೇಡಿ ಎಂದು ಸ್ಪಷ್ಟವಾಗಿ ಬರೆದಿದೆ. ಬರೀ ‘ಥ್ಯಾಂಕ್ಸ್’, ಬರೀ ‘ಅಂಬಾಸಡರ್’ ಕೂಡ ಸಾಲದು. ಅದೇ ಕೈಪಿಡಿಯ ಇನ್ನೊಂದು ಸಾಲನ್ನು ನಮ್ಮ ಕನ್ನಡದ ಇನ್‌ಫ್ಲುಯೆನ್ಸರ್‌ಗಳು ಗೋಡೆಗೆ ಅಂಟಿಸಿಕೊಳ್ಳಬೇಕು: ಹೊಗಳಿಕೆ ಯಾವ ಭಾಷೆಯಲ್ಲಿದೆಯೋ ಹಂಗಿನ ಮಾತೂ ಅದೇ ಭಾಷೆಯಲ್ಲಿರಬೇಕು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಐದು ನಿಮಿಷ ಅಚ್ಚ ಕನ್ನಡದಲ್ಲಿ, ಅಕ್ಕ–ಅಣ್ಣ ಎಂದು ಕರೆದು ಮನೆಯವರಂತೆ ಮಾತಾಡಿ, ಹಂಗಿನ ವಿಷಯ ಬಂದ ಕೂಡಲೇ ಇಂಗ್ಲಿಷಿನ ನಾಲ್ಕಕ್ಷರದ ಹಿಂದೆ ನಿಲ್ಲುವುದೇಕೆ? ಕನ್ನಡ ಬಿಟ್ಟು ಬೇರೆ ಓದಲು ಬಾರದ ತಾಯಿಯೊಬ್ಬಳು ಆ ವಿಡಿಯೊ ನೋಡುತ್ತಿದ್ದರೆ, ಕೊಳ್ಳಲು ಪ್ರೇರೇಪಿಸುವ ಮಾತೆಲ್ಲ ಅವಳಿಗೆ ಅರ್ಥವಾಗುತ್ತದೆ, ಎಚ್ಚರಿಸುವ ಒಂದೇ ಒಂದು ಮಾತು ಅರ್ಥವಾಗುವುದಿಲ್ಲ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ನಿಮ್ಮ ಅಕ್ಕನ ಮಗಳಿಗೆ ಬಂದಂಥದೇ ಒಪ್ಪಂದ 2015ರಲ್ಲಿ ಅಮೆರಿಕದಲ್ಲಿ ಐವತ್ತು ಜನರ ಕೈಗೆ ಬಂದಿತ್ತು. ಲಾರ್ಡ್ ಅಂಡ್ ಟೇಲರ್ ಎಂಬ ಬಟ್ಟೆ ಮಳಿಗೆಗಳ ಸಂಸ್ಥೆ ಐವತ್ತು ಫ್ಯಾಷನ್ ಇನ್‌ಫ್ಲುಯೆನ್ಸರ್‌ಗಳಿಗೆ ಒಂದೇ ಉಡುಪನ್ನು ಪುಕ್ಕಟೆ ಕೊಟ್ಟು, ಜೊತೆಗೆ ತಲಾ 1,000ದಿಂದ 4,000 ಡಾಲರ್ ಕೊಟ್ಟಿತು. ಒಂದೇ ವಾರಾಂತ್ಯದಲ್ಲಿ ಎಲ್ಲರೂ ಅದನ್ನು ತೊಟ್ಟು ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕಬೇಕು, ಸಂಸ್ಥೆಯ ಹೆಸರನ್ನು ಟ್ಯಾಗ್ ಮಾಡಬೇಕು, ನಿಗದಿತ ಹ್ಯಾಷ್‌ಟ್ಯಾಗ್ ಬಳಸಬೇಕು, ಹಾಕುವ ಮೊದಲು ತೋರಿಸಬೇಕು. ಪ್ರತಿಯೊಂದು ಪೋಸ್ಟನ್ನೂ ಸಂಸ್ಥೆ ಮೊದಲೇ ನೋಡಿ ಒಪ್ಪಿತು. ‘ಹಣ ಪಡೆದಿದ್ದೇನೆ’ ಎಂಬ ಮಾತನ್ನು ಮಾತ್ರ ಒಪ್ಪಂದವೂ ಕೇಳಲಿಲ್ಲ, ನೋಡಿದವರೂ ಸೇರಿಸಲಿಲ್ಲ. ಉಡುಪು ಖಾಲಿಯಾಯಿತು. ಒಬ್ಬರಾದ ಮೇಲೊಬ್ಬರು ಅದೇ ಉಡುಪಿನಲ್ಲಿ ಕಂಡಾಗ ನೋಡಿದವರಿಗೆ ‘ಎಲ್ಲರೂ ಇದನ್ನೇ ತೊಡುತ್ತಿದ್ದಾರೆ’ ಎನ್ನಿಸಿರಬೇಕು. ತೊಡಿಸಿದ್ದು ಯಾರೆಂದು ಎಲ್ಲೂ ಕಾಣಲಿಲ್ಲ. 2016ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಆ ಸಂಸ್ಥೆಯ ಮೇಲೆ ಕ್ರಮ ಕೈಗೊಂಡಾಗ ಇನ್ನೊಂದು ಸಂಗತಿಯೂ ದಾಖಲಾಯಿತು: ಫ್ಯಾಷನ್ ಪತ್ರಿಕೆಯೊಂದು ಅದೇ ಉಡುಪಿನ ಸಾಲಿನ ಬಗ್ಗೆ ಪ್ರಕಟಿಸಿದ ಲೇಖನಕ್ಕೂ ಸಂಸ್ಥೆಯೇ ಹಣ ಕೊಟ್ಟಿತ್ತು, ಲೇಖನವನ್ನು ಮೊದಲೇ ಓದಿ ಒಪ್ಪಿತ್ತು. ಪತ್ರಿಕೆ ನಡೆಸುವ ನಮ್ಮಂಥವರು ಆ ಭಾಗವನ್ನು ಎರಡು ಸಲ ಓದಬೇಕು.

ಹಾಗಾದರೆ ಏನು ಹೇಳಬೇಕು, ಎಲ್ಲಿ ಹೇಳಬೇಕು? ಮಾತು ಹೀಗಿರಲಿ: ‘ಈ ಕ್ರೀಮನ್ನು ಕಂಪನಿಯವರು ಪುಕ್ಕಟೆ ಕೊಟ್ಟಿದ್ದಾರೆ, ಈ ವಿಡಿಯೊಗೆ ಹಣವನ್ನೂ ಕೊಟ್ಟಿದ್ದಾರೆ. ಹಾಕುವ ಮೊದಲು ಅವರು ಇದನ್ನು ನೋಡಿದ್ದಾರೆ.’ ಬಾಯಲ್ಲಿ ಹೇಳಲು ಹತ್ತು ಸೆಕೆಂಡು ಬೇಡ. ಇದನ್ನು ಹೊಗಳಿಕೆ ಶುರುವಾಗುವ ಮೊದಲು ಹೇಳಬೇಕು. ಮನಸ್ಸು ಒಪ್ಪಿಯಾದ ಮೇಲೆ ಬರುವ ಎಚ್ಚರಿಕೆಗೆ ಬೆಲೆ ಕಡಿಮೆ. ಹೇಳುವುದಷ್ಟೇ ಸಾಲದು, ಬರೆಯಲೂ ಬೇಕು, ಏಕೆಂದರೆ ದನಿ ಮುಚ್ಚಿಟ್ಟು ವಿಡಿಯೊ ನೋಡುವವರು ಬಹಳ. ಬರೆಯುವುದಷ್ಟೇ ಸಾಲದು, ಹೇಳಲೂ ಬೇಕು, ಏಕೆಂದರೆ ಕಿವಿಗೆ ಹಾಕಿಕೊಂಡು ಬೇರೆ ಕೆಲಸ ಮಾಡುವವರೂ ಇದ್ದಾರೆ. ಅಕ್ಷರ ಚಿತ್ರದ ಮೇಲ್ಭಾಗದಲ್ಲಿರಲಿ. ಫೋನನ್ನು ನೆಟ್ಟಗೆ ಹಿಡಿದು ನೋಡುವ ವಿಡಿಯೊದಲ್ಲಿ ಕೆಳಗಿನ ಪಟ್ಟಿಯನ್ನು ಕ್ಯಾಪ್ಷನ್ನೂ ಬಲ ಅಂಚನ್ನು ಲೈಕ್–ಷೇರ್ ಗುಂಡಿಗಳೂ ನುಂಗಿಬಿಡುತ್ತವೆ. ಎಡಿಟಿಂಗ್ ಆ್ಯಪ್‌ನಲ್ಲಿ ಚೆನ್ನಾಗಿ ಕಂಡದ್ದು ಫೋನಿನಲ್ಲಿ ಮರೆಯಾಗುವುದು ಇದೇ ಕಾರಣಕ್ಕೆ. ಬಿಳಿ ಗೋಡೆಯ ಮೇಲೆ ಬಿಳಿ ಅಕ್ಷರ ಬೇಡ. ಹಿಂದೆ ಗಾಢ ಬಣ್ಣದ ಪಟ್ಟಿ ಕೊಡಲಿ. ಕ್ಯಾಪ್ಷನ್ನಿನಲ್ಲಿ ಮೊದಲ ಸಾಲಿಗೇ ಬರಲಿ, ಯಾಕೆಂದರೆ ಮೊದಲ ಒಂದೆರಡು ಸಾಲಿನಾಚೆಗಿನದು ‘ಇನ್ನಷ್ಟು’ ಒತ್ತಿದವರಿಗೆ ಮಾತ್ರ ಕಾಣುತ್ತದೆ. ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತದ್ದನ್ನಂತೂ ಯಾರೂ ಓದುವುದಿಲ್ಲ. ಯೂಟ್ಯೂಬ್‌ನಲ್ಲಿ ‘ಹಣ ಪಡೆದ ಪ್ರಚಾರವಿದೆ’ ಎಂಬ ಪೆಟ್ಟಿಗೆಗೆ ಗುರುತು ಹಾಕಿದರೆ ಆರಂಭದಲ್ಲಿ 10 ಸೆಕೆಂಡು ಒಂದು ಸೂಚನೆ ಬರುತ್ತದೆ. ಅದನ್ನು ಹಾಕಲಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳುವುದು ಬೇಡ.

ಎಷ್ಟು ಹೊತ್ತು? ಭಾರತದ ಜಾಹೀರಾತು ಮಾನದಂಡ ಮಂಡಳಿಯ 2021ರ ನಿಯಮ ಇದಕ್ಕೆ ಲೆಕ್ಕ ಕೊಡುತ್ತದೆ: 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡು, ಅದಕ್ಕಿಂತ ಉದ್ದದ, ಎರಡು ನಿಮಿಷದೊಳಗಿನದರಲ್ಲಿ ಮೂರನೇ ಒಂದು ಭಾಗ, ಎರಡು ನಿಮಿಷ ಅಥವಾ ಅದಕ್ಕೂ ಹೆಚ್ಚಿನದರಲ್ಲಿ ಆ ವಸ್ತುವಿನ ಮಾತು ನಡೆಯುವಷ್ಟು ಹೊತ್ತೂ. ಲೈವ್ ಆದರೆ ಶುರುವಿನಲ್ಲೂ ಕೊನೆಯಲ್ಲೂ ಹೇಳಬೇಕು. ನನ್ನ ಮಟ್ಟಿಗೆ ಲೈವ್‌ನಲ್ಲಿ ಇದು ಕಡಿಮೆಯೇ, ನಡುವೆ ಬಂದು ಸೇರುವವರಿಗಾಗಿ ಅಕ್ಷರ ಪರದೆಯ ಮೇಲೆ ಉದ್ದಕ್ಕೂ ಇರಬೇಕು. ಉದ್ದ ವಿಡಿಯೊದಿಂದ ತುಣುಕು ಕತ್ತರಿಸಿ ಶಾರ್ಟ್ಸ್ ಮಾಡುವಾಗಲಂತೂ ಎಷ್ಟೋ ಪ್ರಾಮಾಣಿಕರೂ ಎಡವುತ್ತಾರೆ. ಹಂಗಿನ ಮಾತು ಮೊದಲ ನಿಮಿಷದಲ್ಲಿ ಉಳಿಯುತ್ತದೆ, ಹೊಗಳಿಕೆಯ ತುಣುಕು ಒಂಟಿಯಾಗಿ ಊರೂರು ಸುತ್ತುತ್ತದೆ. ವಾಟ್ಸ್ಆ್ಯಪ್‌ಗೆ ಹೋದರೆ ಕ್ಯಾಪ್ಷನ್ನೂ ಕಳಚಿಬೀಳುತ್ತದೆ. ಅದಕ್ಕೇ ಅಕ್ಷರವನ್ನು ಚಿತ್ರದೊಳಗೇ ಅಚ್ಚೊತ್ತಬೇಕು, ಪ್ರತಿ ತುಣುಕಿಗೂ ಬೇರೆಯಾಗಿ.

ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಒಂದು ಪ್ರಯೋಗವಿದೆ. ಸಂಶೋಧಕರಾದ ಡೇಲಿಯನ್ ಕೇನ್, ಜಾರ್ಜ್ ಲೋವೆನ್‌ಸ್ಟೈನ್, ಡಾನ್ ಮೂರ್ 2005ರಲ್ಲಿ ಪ್ರಕಟಿಸಿದ್ದು. ಒಂದು ಗಾಜಿನ ಜಾಡಿಯ ತುಂಬ ನಾಣ್ಯ. ಒಬ್ಬರು ದೂರದಿಂದ ಕೆಲವೇ ಕ್ಷಣ ನೋಡಿ ಮೊತ್ತ ಊಹಿಸಬೇಕು. ಹತ್ತಿರದಿಂದ ನೋಡಿದ ಇನ್ನೊಬ್ಬರು ಸಲಹೆ ಕೊಡುತ್ತಾರೆ. ಊಹೆ ಹೆಚ್ಚಾದಷ್ಟೂ ಸಲಹೆಗಾರರಿಗೆ ಸಂಭಾವನೆ ಹೆಚ್ಚು. ಈ ಹಂಗನ್ನು ಮೊದಲೇ ಬಹಿರಂಗ ಮಾಡಿದಾಗ ಸಲಹೆಗಾರರು ತಗ್ಗುವ ಬದಲು ಇನ್ನೂ ಏರಿಸಿ ಹೇಳಿದರು, ಹೇಳಿದ್ದೇವಲ್ಲ, ಇನ್ನು ಅವರವರ ಜವಾಬ್ದಾರಿ ಎನ್ನುವಂತೆ. ಕೇಳುವವರು ಒಂದಿಷ್ಟು ಕಡಿತ ಮಾಡಿಕೊಂಡರು, ಆದರೆ ಏರಿಕೆಗೆ ತಕ್ಕಷ್ಟು ಕಡಿತ ಮಾಡಿಕೊಳ್ಳಲಿಲ್ಲ. ಎಂದರೆ, ಹಂಗು ಹೇಳಿದ್ದು ಸುಳ್ಳಿಗೆ ಪರವಾನಗಿ ಆಗಬಾರದು. ಕ್ರೀಮನ್ನು ಒಂದು ದಿನ ಹಚ್ಚಿ ‘ಕಲೆ ಹೋಯಿತು’ ಎನ್ನುವಂತಿಲ್ಲ. ಚರ್ಮದ ಹೊರಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಅಷ್ಟಾದರೂ ಬಳಸದೆ ಪರಿಣಾಮದ ಮಾತು ಬೇಡ. ‘ನನ್ನ ಚರ್ಮ ಮೃದುವಾಯಿತು’ ಅನುಭವ, ‘ಇದು ಮೊಡವೆ ಗುಣಪಡಿಸುತ್ತದೆ’ ಪುರಾವೆ ಬೇಡುವ ಮಾತು. ಮುಖ ನುಣುಪಾಗಿಸುವ ಫಿಲ್ಟರ್ ಹಾಕಿ ಕ್ರೀಮಿನ ಫಲ ತೋರಿಸುವುದಂತೂ ಶುದ್ಧ ಮೋಸ. ಪರಿಣಾಮವನ್ನು ಉತ್ಪ್ರೇಕ್ಷಿಸುವ ಫಿಲ್ಟರನ್ನು ಸೌಂದರ್ಯವರ್ಧಕಗಳ ಜಾಹೀರಾತಿನಲ್ಲಿ ಬಳಸಕೂಡದು ಎಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಕರು 2021ರಲ್ಲೇ ತೀರ್ಮಾನ ಕೊಟ್ಟಿದ್ದಾರೆ.

ಸಣ್ಣವರ ಮೇಲೆಯೇ ಯಾಕೆ ಎಂದಿರಿ. ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಟಿ.ವಿ. ತಾರೆ ಕಿಮ್ ಕಾರ್ಡಾಶಿಯನ್ ಒಂದು ಕ್ರಿಪ್ಟೊ ಟೋಕನ್ (ಡಿಜಿಟಲ್ ನಾಣ್ಯ) ಬಗ್ಗೆ ಪೋಸ್ಟ್ ಹಾಕಲು 2,50,000 ಡಾಲರ್ ಪಡೆದಿದ್ದರು. ಪೋಸ್ಟಿನಲ್ಲಿ ‘ಜಾಹೀರಾತು’ ಎಂಬ ಹ್ಯಾಷ್‌ಟ್ಯಾಗೂ ಇತ್ತು. ಹೂಡಿಕೆಯ ವಿಷಯದಲ್ಲಿ ಎಷ್ಟು ಹಣ ಪಡೆದಿರಿ ಎಂಬುದನ್ನೂ ಹೇಳಬೇಕು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕರು ಹಿಡಿದರು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ 2022ರಲ್ಲಿ ಅವರು ಕಟ್ಟಿದ್ದು 12.6 ಲಕ್ಷ ಡಾಲರ್. ಫ್ರಾನ್ಸ್ 2023ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಕಾನೂನು ತಂದಿತು. ಭಾರತದಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ.

ಈ ರೋಗ ಫೋನಿನಿಂದ ಹುಟ್ಟಿದ್ದಲ್ಲ. 1912ರಲ್ಲೇ ಅಮೆರಿಕದ ಕಾನೂನು, ಹಣ ಪಡೆದು ಅಚ್ಚು ಹಾಕಿದ ಬರಹದ ಮೇಲೆ ‘ಜಾಹೀರಾತು’ ಎಂದು ಬರೆಯಬೇಕೆಂದು ಪತ್ರಿಕೆಗಳಿಗೆ ಕಟ್ಟಳೆ ಹಾಕಿತು. ಅಷ್ಟರಮಟ್ಟಿಗೆ ಸುದ್ದಿಯೊಳಗೆ ಪ್ರಚಾರ ನುಸುಳಿತ್ತು. 1929ರ ಈಸ್ಟರ್ ದಿನ ನ್ಯೂಯಾರ್ಕಿನ ಬೀದಿಯಲ್ಲಿ ಹೆಂಗಸರು ಸಿಗರೇಟು ಹಚ್ಚಿ ನಡೆದದ್ದನ್ನು ಪತ್ರಿಕೆಗಳು ಸ್ವಾತಂತ್ರ್ಯದ ಕುರುಹು ಎಂಬಂತೆ ಬರೆದವು. ಅದನ್ನು ಏರ್ಪಡಿಸಿದ್ದು ತಂಬಾಕು ಕಂಪನಿಯಿಂದ ಸಂಬಳ ಪಡೆಯುತ್ತಿದ್ದ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್. ಇವತ್ತಿಗೂ ಎಷ್ಟೋ ಪತ್ರಿಕೆಗಳ ‘ವಿಶೇಷ ಪುರವಣಿ’ಯಲ್ಲಿ ಲೇಖನದ ಅಕ್ಷರ ದೊಡ್ಡದು, ‘ಜಾಹೀರಾತು’ ಎಂಬ ಅಕ್ಷರ ಇರುವೆಯಷ್ಟು. ‘ಸಹಯೋಗ’, ‘ಸೌಜನ್ಯ’, ‘ಪ್ರಸ್ತುತಿ’ ಎಂಬ ಒಳ್ಳೆಯ ಕನ್ನಡ ಪದಗಳನ್ನೆಲ್ಲ ನಾವು ಹಂಗು ಮುಚ್ಚುವ ಬಟ್ಟೆ ಮಾಡಿಕೊಂಡಿದ್ದೇವೆ. ಇಪ್ಪತ್ತು ವರ್ಷದ ಹುಡುಗಿ ಕೊಲ್ಯಾಬ್ ಎಂದರೆ, ಆ ಪಾಠವನ್ನು ಅವಳಿಗೆ ಕಲಿಸಿದ್ದು ಪತ್ರಿಕೆಯವರಾದ ನಾವೇ.

ಆದ್ದರಿಂದ ನೀವು ಅವಳನ್ನು ತಡೆಯಬೇಡಿ, ಒಪ್ಪಂದವನ್ನು ಜೊತೆಗೆ ಕೂತು ಓದಿ. ‘ಕೆಟ್ಟದ್ದನ್ನು ಹೇಳಕೂಡದು’ ಎಂಬ ಸಾಲಿದ್ದರೆ ತೆಗೆಸಲಿ. ಅವಳ ವಿಡಿಯೊವನ್ನು ಕಂಪನಿ ತನ್ನ ಜಾಹೀರಾತಾಗಿ ಎಷ್ಟು ತಿಂಗಳು ಓಡಿಸಬಹುದು, ಕತ್ತರಿಸಬಹುದೇ ಎಂಬುದು ಬರವಣಿಗೆಯಲ್ಲಿರಲಿ. ತಪ್ಪು ಮಾಹಿತಿ ತಿದ್ದಲು ಮಾತ್ರ ಕಂಪನಿ ಮೊದಲು ನೋಡಲಿ, ಅಭಿಪ್ರಾಯ ತಿದ್ದಲು ಅಲ್ಲ. ಹಣದ ಅರ್ಧ ಭಾಗವನ್ನಾದರೂ ಚಿತ್ರೀಕರಣಕ್ಕೆ ಮೊದಲೇ ಪಡೆಯಲಿ. ಪೂರ್ತಿ ಹಣ ಕಂಪನಿಯ ಒಪ್ಪಿಗೆಗೆ ಕಾದು ಕೂತಿದ್ದರೆ ನಾಲಿಗೆ ತಾನಾಗಿಯೇ ಮೆದುವಾಗುತ್ತದೆ. ಮತ್ತು ಈ ಸಾಲನ್ನು ಸೇರಿಸಲು ಹೇಳಿ: ‘ಹಣ ಪಡೆದ ವಿಷಯವನ್ನು ವಿಡಿಯೊದ ಆರಂಭದಲ್ಲಿ ಕನ್ನಡದಲ್ಲಿ ಹೇಳಲಾಗುವುದು, ಬರೆಯಲಾಗುವುದು, ಇದನ್ನು ತೆಗೆಯುವಂತೆ ಕಂಪನಿ ಕೇಳುವಂತಿಲ್ಲ.’ ಆಗುವುದಿಲ್ಲ ಎಂದು ಅವರು ಫೋನಿನಲ್ಲಿ ಹೇಳಿದರೆ, ಅದೇ ಮಾತನ್ನು ಇಮೇಲಿನಲ್ಲಿ ಬರೆದುಕೊಡಿ ಎಂದು ಅವಳು ಕೇಳಲಿ.