ಹೊಸ್ತಿಲ ಹೊರಗೇ ನಿಲ್ಲುವ ಸೈಟೊಕೈನ್

ನಮಸ್ಕಾರ. ಉರಿಯೂತದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗದು. ಆದರೆ ಬೆರಳಿಗೆ ಮುಳ್ಳು ಚುಚ್ಚಿ, ರಾತ್ರಿ ಹೊತ್ತಿಗೆ ಉಗುರಿನ ಪಕ್ಕ ಡವಡವ ಎನ್ನುವ ನಿಮ್ಮ ಮೊದಲ ಪ್ಯಾರಾ ಬಹಳ ಚೆನ್ನಾಗಿದೆ. ಅದನ್ನು ಕೈಬಿಡಲು ಮನಸ್ಸಾಗದೆ ಇಷ್ಟು ಬರೆಯುತ್ತಿದ್ದೇನೆ.

‘ಸೈಟೊಕೈನ್ ಎಂಬ ದೂತ ಜೀವಕೋಶದೊಳಗೆ ನುಗ್ಗಿ ಜೀನುಗಳನ್ನು ಬಡಿದೆಬ್ಬಿಸುತ್ತಾನೆ’ ಎಂದಿದ್ದೀರಿ. ಎಡವಿದ್ದು ಇಲ್ಲೇ. ಸೈಟೊಕೈನ್ ಎಂದರೆ ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ಸಣ್ಣ ಪ್ರೋಟೀನ್. ಸುದ್ದಿ ಮುಟ್ಟಿಸಲು ಅದು ಒಳಗೆ ಹೋಗುವುದಿಲ್ಲ. ಹೊರಗೇ ನಿಂತು ಕೋಶದ ಮೈಮೇಲಿನ ಗ್ರಾಹಕವನ್ನು (ರಿಸೆಪ್ಟರ್) ಹಿಡಿಯುತ್ತದೆ, ಉಳಿದದ್ದೆಲ್ಲ ಒಳಗಿನವರ ಕೆಲಸ. ಹೇಳಬೇಕಾದ ಕಥೆಯೇ ಅದು. ನಿಮ್ಮ ದೂತ ಅದನ್ನು ನುಂಗಿಬಿಟ್ಟಿದ್ದಾನೆ.

ಇಂಟರ್‌ಲ್ಯೂಕಿನ್-6 ಎಂಬ ಒಂದು ಸೈಟೊಕೈನನ್ನೇ ಹತ್ತಿರದಿಂದ ನೋಡಿ. ಅದು ಅಂಟಿಕೊಳ್ಳುವ ಗ್ರಾಹಕಕ್ಕೆ ಒಳಗೆ ಸುದ್ದಿ ದಾಟಿಸುವ ತಾಕತ್ತಿಲ್ಲ. ಕೋಶದ ಪೊರೆಯಲ್ಲೇ ಇರುವ ಜಿಪಿ130 ಎಂಬ ಜೊತೆಗಾರ ಪ್ರೋಟೀನ್ ಬೇಕು. ಎರಡು ಜಿಪಿ130 ಹತ್ತಿರ ಬಂದಾಗ ಅವುಗಳ ಒಳತುದಿಗೆ ಅಂಟಿಕೊಂಡಿರುವ ಜಾಕ್ ಕಿಣ್ವಗಳು ಒಂದಕ್ಕೊಂದು ಫಾಸ್ಫೇಟ್ ತಗುಲಿಸುತ್ತವೆ. ಆಮೇಲೆ ಜಿಪಿ130ರ ತುದಿಗೆ, ಅಲ್ಲಿ ಬಂದು ಕೂರುವ ಸ್ಟ್ಯಾಟ್3 ಎಂಬ ಪ್ರೋಟೀನಿಗೆ. ಫಾಸ್ಫೇಟ್ ಹೊತ್ತ ಎರಡು ಸ್ಟ್ಯಾಟ್3 ಜೋಡಿಯಾಗಿ ಕೋಶಕೇಂದ್ರ ಸೇರಿ ಜೀನುಗಳನ್ನು ಮುಟ್ಟುತ್ತವೆ. ಯಕೃತ್ತಿನ ಕೋಶದಲ್ಲಿ ಹೀಗಾದರೆ ಸಿ-ರಿಯಾಕ್ಟಿವ್ ಪ್ರೋಟೀನ್ ತಯಾರಾಗುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ಸಿಆರ್‌ಪಿ ಎಂದು ಎಷ್ಟೋ ಓದುಗರು ಇದನ್ನು ನೋಡಿರುತ್ತಾರೆ. ಅವರಿಗೆ ನೀವು ಕೊಡಬಹುದಾಗಿದ್ದ ದೊಡ್ಡ ಬೆಳಕು ಇದು.

ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಬೇರೆ ಎರಡು ಸೈಟೊಕೈನುಗಳನ್ನೂ ಇದೇ ದಾರಿಗೆ ತಳ್ಳಿದ್ದೀರಿ. ಅವುಗಳ ಮುಖ್ಯ ದಾರಿ ಬೇರೆ, ಎನ್‌ಎಫ್-ಕಪ್ಪಾಬಿ ಎಂಬ ಇನ್ನೊಂದು ಪ್ರೋಟೀನಿನ ಮೂಲಕ. ಸದ್ಯಕ್ಕೆ ಅವನ್ನು ಬಿಡಿ.

ಬಿಡಬಾರದ್ದು, ಇದೆಲ್ಲ ನಿಲ್ಲುವ ಬಗೆ. ನಿಮ್ಮ ಐದು ಪುಟಗಳಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಸ್ಟ್ಯಾಟ್3 ಚಾಲೂ ಮಾಡುವ ಜೀನುಗಳಲ್ಲಿ ಸಾಕ್ಸ್3 ಕೂಡ ಒಂದು. ಅದರಿಂದ ಹುಟ್ಟುವ ಪ್ರೋಟೀನ್ ವಾಪಸ್ ಬಂದು ಜಾಕ್ ಕಿಣ್ವವನ್ನೇ ತಡೆಯುತ್ತದೆ. ಸಂಕೇತವೇ ತನಗೆ ಕಡಿವಾಣ ತಯಾರಿಸಿಕೊಳ್ಳುತ್ತದೆ! ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಿಮ್ಮ ಓದುಗರಿಗೂ ಹಾಗಾಗಬೇಕು. ಈ ಕಡಿವಾಣ ಸಾಲದೆ ಉರಿಯೂತ ಮುಂದುವರಿದಾಗ ಏನು ಮಾಡುತ್ತಾರೆಂದೂ ಬರೆಯಿರಿ. ಸಂಧಿವಾತಕ್ಕೆ ಕೊಡುವ ಟೊಸಿಲಿಜುಮ್ಯಾಬ್ ಔಷಧಿ ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನೇ ಮುಚ್ಚುತ್ತದೆ.

ಯುದ್ಧ, ಸೈನಿಕ, ಶತ್ರು ಈ ಮೂರು ಪದಗಳಿಲ್ಲದೆ, ಮುಳ್ಳಿನಿಂದಲೇ ಶುರುಮಾಡಿ ಮತ್ತೆ ಬರೆದು ಕಳಿಸಿ. ನಾನೇ ಓದುತ್ತೇನೆ.