ಒಂದೇ ಊರಿನ ಎಂಟು ಮನೆಯವರು ಸೌರ ವಿದ್ಯುತ್ತನ್ನು ಒಟ್ಟುಗೂಡಿಸಿ ವಿನಿಮಯ ಕೇಂದ್ರದಲ್ಲಿ ಮಾರಿದರೆ ಹೆಚ್ಚು ದರ ಸಿಗುತ್ತದೆಯೇ?

ಹೆಚ್ಚು ದರ ಸಿಗುವುದಿಲ್ಲ. ‘ಒಟ್ಟಾದರೆ ಚೌಕಾಸಿ ಮಾಡಬಹುದು’ ಎಂಬ ನಿಮ್ಮ ಲೆಕ್ಕ ಅಡಿಕೆ ಮಂಡಿಯದು. ವಿದ್ಯುತ್ ವಿನಿಮಯ ಕೇಂದ್ರ ಎಂದರೆ ವಿದ್ಯುತ್ತನ್ನು ಹರಾಜಿನಲ್ಲಿ ಕೊಂಡು ಮಾರುವ ಮಾರುಕಟ್ಟೆ; ಅಲ್ಲಿ ಚೌಕಾಸಿಯೇ ಇಲ್ಲ. ಬೇಡಿಕೆ ಮತ್ತು ಪೂರೈಕೆ ಕೂಡುವಲ್ಲಿ ಒಂದು ದರ ನಿಲ್ಲುತ್ತದೆ. ಸಾವಿರ ಮೆಗಾವಾಟ್ ತಂದವರಿಗೂ ನಿಮಗೂ ಅದೇ.

ನಾನು ಜರ್ಮನಿಯಲ್ಲಿ ಸಣ್ಣ ಉತ್ಪಾದಕರ ವಿದ್ಯುತ್ತನ್ನು ಕೂಡಿಸಿ ಮಾರುವ ಸಂಸ್ಥೆಯೊಂದರಲ್ಲಿದ್ದೇನೆ. 2016ರಿಂದ ಇಲ್ಲಿ 100 ಕಿಲೋವಾಟ್ ಮೀರಿದ ಹೊಸ ಘಟಕಗಳಿಗೆ ನಿಗದಿತ ದರದ ಆಸರೆ ಇಲ್ಲ, ಮಾರುಕಟ್ಟೆಗೇ ಹೋಗಬೇಕು. ರೈತರು ನಮ್ಮ ಬಳಿ ಬರುವುದು ಅಂದಾಜು ತಪ್ಪಿದಾಗ ಬೀಳುವ ಹೊರೆಯನ್ನು ಹಂಚಿಕೊಳ್ಳಲು. ಹಾಲಿನ ಡೇರಿಯನ್ನು ನೆನೆಸಿಕೊಳ್ಳಿ. ನಾಳೆ ಯಾವ ಕಾಲು ಗಂಟೆಗೆ ಎಷ್ಟು ಲೀಟರ್ ಹಾಕುತ್ತೀರಿ ಎಂದು ಇಂದು ಮಧ್ಯಾಹ್ನದೊಳಗೆ ಬರೆದುಕೊಡಬೇಕು, ಹೆಚ್ಚುಕಡಿಮೆಯಾದರೆ ದಂಡ ಎಂದರೆ ಎಷ್ಟು ಜನ ಹಸು ಕಟ್ಟಿಯಾರು? ವಿದ್ಯುತ್ ಮಾರುವವರ ಪಾಡು ಇದೇ. ಭಾರತದ ವಿನಿಮಯ ಕೇಂದ್ರಗಳಲ್ಲೂ ದಿನವನ್ನು 15 ನಿಮಿಷದ 96 ತುಂಡು ಮಾಡಿಯೇ ಮಾರುವುದು. ಇಲ್ಲಿ ಮೋಡ ಕವಿದಾಗ ಇನ್ನೂರು ಕಿಲೋಮೀಟರ್ ಆಚೆ ಬಿಸಿಲಿರುತ್ತದೆ; ನೂರಾರು ಘಟಕಗಳನ್ನು ಕೂಡಿಸಿದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರ ಹೆಚ್ಚುವರಿ ತುಂಬುತ್ತದೆ. ನಿಮ್ಮ ಎಂಟೂ ಮನೆಗಳನ್ನು ಒಂದೇ ಮೋಡ ಮುಚ್ಚುತ್ತದೆ.

ಮೇಲಾಗಿ ಸೌರ ವಿದ್ಯುತ್ತೆಲ್ಲ ನಡುಹಗಲಲ್ಲಿ ಒಟ್ಟಿಗೇ ನುಗ್ಗುತ್ತದೆ, ದರ ಕುಸಿಯುತ್ತದೆ. ಜರ್ಮನಿಯಲ್ಲಿ ಬೇಸಿಗೆಯ ಕೆಲವು ಭಾನುವಾರಗಳಂದು ದರ ಸೊನ್ನೆಗಿಂತ ಕೆಳಗಿಳಿದು, ಮಾರುವವರೇ ದುಡ್ಡು ಕೊಡಬೇಕಾಗುತ್ತದೆ. (ಊರಿನಲ್ಲಿರುವ ಅಪ್ಪ ಇದನ್ನು ಇನ್ನೂ ನಂಬಿಲ್ಲ.) ನಮ್ಮಲ್ಲಿ ನೆಮ್ಮದಿಯಾಗಿರುವವರು ಜೈವಿಕ ಅನಿಲದ ರೈತರು. ಸಗಣಿ, ಮೆಕ್ಕೆಜೋಳದ ಮೇವಿನಿಂದ ಹುಟ್ಟಿದ ಅನಿಲವನ್ನು ಹಗಲಿಡೀ ಕೂಡಿಟ್ಟು, ಸಂಜೆ ದರ ಏರಿದಾಗ ಎಂಜಿನ್ ಓಡಿಸುತ್ತಾರೆ. ಎಂಜಿನ್ ಚಾಲೂ ಮಾಡುವ ಸಂಕೇತ ನಮ್ಮ ಕಚೇರಿಯಿಂದಲೇ ಹೋಗುತ್ತದೆ. ರೈತ ಆಗ ಊಟಕ್ಕೆ ಕುಳಿತಿರುತ್ತಾನೆ.

ನಿಮಗೆ ಹೊಂದುವುದು ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದ ದಾರಿ ಎಂದು ನನ್ನ ಅನಿಸಿಕೆ. ಅಲ್ಲಿ ಆರು ರೈತರು ಸೌರ ಪಂಪ್‌ಗಳ ಸಹಕಾರಿ ಸಂಘ ಕಟ್ಟಿ, 2016ರಲ್ಲಿ ಹೊಲಕ್ಕೆ ಬಳಸಿ ಮಿಕ್ಕ ವಿದ್ಯುತ್ತನ್ನು ವಿತರಣಾ ಕಂಪನಿಗೆ ಯೂನಿಟ್‌ಗೆ 4.63 ರೂಪಾಯಿಯಂತೆ ಮಾರತೊಡಗಿದರು. ಒಪ್ಪಂದ 25 ವರ್ಷದ್ದು. ಸಂಜೆಯ ದುಬಾರಿ ದರ ಅವರಿಗಿಲ್ಲ, ಆದರೆ ನಾಳಿನ ಮೋಡದ ಅಂದಾಜು ಬರೆದುಕೊಡುವ ಕಾಟವೂ ಇಲ್ಲ. ನಾನಾಗಿದ್ದರೆ ಅದನ್ನೇ ಆರಿಸುತ್ತಿದ್ದೆ.

ಅಂದ ಹಾಗೆ, ನಿಮ್ಮ ಎಂಟು ಜನರಲ್ಲಿ ದೊಡ್ಡ ಕೊಟ್ಟಿಗೆಯೋ ಕೋಳಿ ಫಾರಮ್ಮೋ ಇರುವವರು ಯಾರಾದರೂ ಇದ್ದಾರೆಯೇ? ಇದ್ದರೆ ತಿಳಿಸಿ, ಜೈವಿಕ ಅನಿಲವನ್ನೂ ಸೇರಿಸಿ ಲೆಕ್ಕವನ್ನು ಬೇರೆಯಾಗಿ ಹಾಕೋಣ.