ಓದುಗರ ಪ್ರಶ್ನೆ, ನಮ್ಮ ಉತ್ತರ: ರೆಡ್‌ವುಡ್ ಕಾಡಿನ ಕ್ಯಾಬಿನ್‌ನಲ್ಲಿ ಎರಡು ರಾತ್ರಿ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಒಂದೇ ಕಡೆಯ ಬಗ್ಗೆ ಇದ್ದವು: ಅಮೆರಿಕದ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡು, ಅಂದರೆ ಪ್ರಪಂಚದ ಅತಿ ಎತ್ತರದ ಮರಗಳ ಕಾಡು. ರಜೆಗೆ ಮಕ್ಕಳ ಮನೆಗೆ ಹೋಗುವವರು ಜಾಸ್ತಿ ಇದ್ದಾರೆ ಅಲ್ವಾ, ಅದಕ್ಕೇ ಐದಕ್ಕೂ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಜೂನ್‌ನಲ್ಲಿ ಮಗನ ಮನೆಗೆ, ಸ್ಯಾನ್ ಹೋಸೆಗೆ ಹೋಗುತ್ತಿದ್ದೇವೆ. ರೆಡ್‌ವುಡ್ ಕಾಡಿನಲ್ಲಿ ಎರಡು ರಾತ್ರಿ ಕ್ಯಾಬಿನ್‌ನಲ್ಲಿ ಇರೋಣ ಅಂತಿದ್ದಾನೆ. ನನಗೆ 64 ವರ್ಷ, ಮಂಡಿನೋವು. ನೆಲದ ಮೇಲೆ ಮಲಗಲು ಆಗಲ್ಲ. ಕ್ಯಾಬಿನ್ ಅಂದರೆ ನಮ್ಮ ಕಡೆ ಹೋಂಸ್ಟೇ ಥರಾನಾ? — ಗೃಹಿಣಿ, ಹಾಸನ

ಉತ್ತರ: ಅಮ್ಮಾ, ಖಂಡಿತ ಹೋಗಿ. ಆದರೆ ಸಕಲೇಶಪುರದ ಹೋಂಸ್ಟೇ ನೆನಪಿಟ್ಟುಕೊಂಡು ಹೋಗಬೇಡಿ. ಬಿಸಿ ಅಕ್ಕಿರೊಟ್ಟಿ ತಂದಿಡುವವರು ಅಲ್ಲಿ ಯಾರೂ ಇರುವುದಿಲ್ಲ. ಸ್ಟೇಟ್ ಪಾರ್ಕಿನ (ಅಲ್ಲಿನ ರಾಜ್ಯ ಸರ್ಕಾರ ನೋಡಿಕೊಳ್ಳುವ ಕಾಡಿನ ಪಾರ್ಕು) ಕ್ಯಾಬಿನ್ ಅಂದರೆ ಮರದ ಒಂದು ಪುಟ್ಟ ಕೋಣೆ. ಒಳಗೆ ಮಂಚ, ದೀಪ, ಹೀಟರ್. ಹೊರಗೆ ಊಟದ ಮೇಜು, ಬೆಂಕಿ ಹಾಕಲು ಗುಂಡಿ. ಅಡುಗೆಮನೆ ಇಲ್ಲ, ಒಳಗೆ ಅಡುಗೆ ಮಾಡುವಂತೆಯೂ ಇಲ್ಲ. ಬಚ್ಚಲು, ಪಾಯಖಾನೆ ಎಲ್ಲರಿಗೂ ಸೇರಿ ಬೇರೆ ಕಟ್ಟಡದಲ್ಲಿ ಇರುತ್ತವೆ, ರಾತ್ರಿ ಎದ್ದರೆ ಟಾರ್ಚ್ ಹಿಡಿದು ನಡೆಯಬೇಕು. ಅದಕ್ಕೇ ಬುಕ್ ಮಾಡುವಾಗ ಪಾಯಖಾನೆಗೆ ಹತ್ತಿರ ಇರುವ ಕ್ಯಾಬಿನ್ ಯಾವುದು ಅಂತ ನಕ್ಷೆಯಲ್ಲಿ ನೋಡಲು ಮಗನಿಗೆ ಹೇಳಿ. ಮಂಚಗಳು ಒಂದರ ಮೇಲೊಂದು ಇರುವ ಥರದವು, ಕೆಳಗಿನದು ನಿಮ್ಮದು ಅಂತ ಮೊದಲೇ ಹೇಳಿಬಿಡಿ.

ಹೊದಿಕೆ ನೀವೇ ಒಯ್ಯಬೇಕು. ಜೂನ್ ಅಂದರೆ ಬೇಸಿಗೆ ಅಂದುಕೊಂಡು ನಾವು ಮೊದಲ ಸಲ ಬರೀ ಎರಡು ಶಾಲು ಒಯ್ದಿದ್ದೆವು. ಸಮುದ್ರದ ಮಂಜು ಸಂಜೆಯಾದ ಮೇಲೆ ಕಣಿವೆ ಹತ್ತಿ ಬರುತ್ತದೆ, ಆಮೇಲೆ ಕೊಡಗಿನ ಡಿಸೆಂಬರ್ ರಾತ್ರಿಯ ಚಳಿ. ಸ್ವೆಟರ್, ಕಾಲುಚೀಲ, ದಪ್ಪ ರಗ್ಗು ಬೇಕೇ ಬೇಕು.

ಸ್ಯಾನ್ ಫ್ರಾನ್ಸಿಸ್ಕೋದಿಂದ ಒಂದು ಗಂಟೆ ದೂರದ ಸ್ಯಾಮ್ಯುಯೆಲ್ ಪಿ. ಟೇಲರ್ ಪಾರ್ಕಿನಲ್ಲಿ ಇಂಥ ಕ್ಯಾಬಿನ್ ಇವೆ. ರಾಜ್ಯದ ಉತ್ತರದ ತುದಿಯಲ್ಲಿ ಜೆಡಿಡಯಾ ಸ್ಮಿತ್ ಪಾರ್ಕು ಮತ್ತು ಎಲ್ಕ್ ಪ್ರೇರಿ ಕ್ಯಾಂಪಿನಲ್ಲೂ ಇವೆ. ಕಾಡು ನೋಡಬೇಕಾದ್ದು ಅಲ್ಲೇ, ಆದರೆ ಕಾರಿನಲ್ಲಿ ಏಳು ಗಂಟೆ ಮಂಡಿ ಮಡಚಿ ಕೂರಬೇಕು. ನಿಮಗೆ ನನ್ನ ಸಲಹೆ ಮೌಂಟ್ ಮಡೋನಾ ಕೌಂಟಿ ಪಾರ್ಕ್. ಸ್ಯಾನ್ ಹೋಸೆಗೆ ಹತ್ತಿರ, ಬೆಟ್ಟದ ಮೇಲೆ ರೆಡ್‌ವುಡ್ ಮರಗಳ ನಡುವೆ ಯರ್ಟ್ ಎಂಬ ದುಂಡನೆಯ ಗುಡಾರ ಬಾಡಿಗೆಗೆ ಸಿಗುತ್ತದೆ. ಅದೇ ಬೆಟ್ಟದಲ್ಲಿ ಸಂಕಟಮೋಚನ ಹನುಮಂತನ ಗುಡಿಯೂ ಇದೆ, ಬೆಳಿಗ್ಗೆ ಹೋಗಿ ಕೈಮುಗಿದು ಬರಬಹುದು.

ಇನ್ನೊಂದು ಮಾತು. ಸ್ಟೇಟ್ ಪಾರ್ಕಿನ ಬುಕಿಂಗ್ ಆರು ತಿಂಗಳು ಮೊದಲೇ, ಅಲ್ಲಿನ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಬೇಸಿಗೆಯ ಶನಿವಾರಗಳು ಬೇಗ ಭರ್ತಿಯಾಗುತ್ತವೆ. ವಾರದ ನಡುವೆ ಹೋದರೆ ಜಾಗವೂ ಸಿಗುತ್ತದೆ, ಗದ್ದಲವೂ ಇರುವುದಿಲ್ಲ.

ಪ್ರಶ್ನೆ: ನಾವು ಎರಡು ಸಂಸಾರ ಸೇರಿ ಕ್ಯಾಬಿನ್‌ಗೆ ಹೋಗುತ್ತಿದ್ದೇವೆ. ಆಹಾರದ ಒಂದು ಚೂರೂ ನೆಲಕ್ಕೆ ಬೀಳಬಾರದು, ಹಕ್ಕಿಗೆ ಏನೂ ಹಾಕಬಾರದು ಅಂತ ನಿಯಮ ಕಳಿಸಿದ್ದಾರೆ. ಊರಲ್ಲಿ ನಮ್ಮಮ್ಮ ಕಾಗೆಗೆ ಒಂದು ತುತ್ತು ಅನ್ನ ಇಡದೆ ಊಟ ಮಾಡಿದವರಲ್ಲ. ಹಕ್ಕಿಗೆ ಊಟ ಹಾಕಿದರೆ ತಪ್ಪೇನು? — ಓದುಗರು, ಫ್ರೀಮಾಂಟ್

ಉತ್ತರ: ಈ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಈ ನಿಯಮದ ಹಿಂದೆ ಒಂದು ಹಕ್ಕಿಯ ಬದುಕೇ ಇದೆ.

ಮಾರ್ಬಲ್ಡ್ ಮರ್ಲೆಟ್ ಅಂತ ಒಂದು ಕಡಲಹಕ್ಕಿ. ಪಾರಿವಾಳಕ್ಕಿಂತ ಚಿಕ್ಕದು. ಹೊಟ್ಟೆಪಾಡು ಪೂರ್ತಿ ಸಮುದ್ರದಲ್ಲಿ, ಮೀನು ಹಿಡಿದು. ಮೊಟ್ಟೆ ಇಡಲು ಮಾತ್ರ ಹತ್ತಾರು ಕಿಲೋಮೀಟರ್ ಒಳಗೆ ಕಾಡಿಗೆ ಬರುತ್ತದೆ. ಅಮೆರಿಕದಲ್ಲಿ ಇದರ ಗೂಡು ಮರದ ಮೇಲೆ ಮೊದಲ ಸಲ ಸಿಕ್ಕಿದ್ದು 1974ರಲ್ಲಿ, ಬಿಗ್ ಬೇಸಿನ್ ಪಾರ್ಕಿನಲ್ಲಿ ಮರ ಹತ್ತಿದ್ದ ಕೆಲಸಗಾರನೊಬ್ಬನಿಗೆ. ಗೂಡು ಅಂದರೂ ಕಡ್ಡಿ ತಂದು ಕಟ್ಟಿದ್ದಲ್ಲ. ನೂರಾರು ವರ್ಷದ ಮರದ ಅಗಲವಾದ ಕೊಂಬೆ, ಅದರ ಮೇಲೆ ಹಾವಸೆ, ಹಾವಸೆಯಲ್ಲಿ ಒಂದು ತಗ್ಗು. ಅದರಲ್ಲಿ ಒಂದೇ ಒಂದು ಮೊಟ್ಟೆ.

ಈಗ ನಮ್ಮ ಊಟದ ಮೇಜಿಗೆ ಬನ್ನಿ. ಸ್ಟೆಲ್ಲರ್ಸ್ ಜೇ ಅಂತ ತಲೆಯ ಮೇಲೆ ಜುಟ್ಟಿರುವ ನೀಲಿ ಹಕ್ಕಿ ಅಲ್ಲಿ ಎಲ್ಲ ಕ್ಯಾಂಪಿನಲ್ಲೂ ಇರುತ್ತದೆ. ಕಾಗೆಯ ಬಳಗದ್ದು, ಬುದ್ಧಿಯೂ ಹಾಗೇ. ನಾವು ಬೀಳಿಸುವ ಚೂರು ತಿಂದು ಈ ಹಕ್ಕಿಗಳ ಸಂಖ್ಯೆ ಕ್ಯಾಂಪಿನ ಸುತ್ತ ಹೆಚ್ಚುತ್ತದೆ. ಹೊಟ್ಟೆ ತುಂಬಿದ ಮೇಲೆ ಮರ ಮರ ಹಾರಿ ಹುಡುಕುತ್ತವೆ, ಮರ್ಲೆಟ್‌ನ ಆ ಒಂದೇ ಮೊಟ್ಟೆಯನ್ನೋ ಮರಿಯನ್ನೋ ತಿಂದುಬಿಡುತ್ತವೆ. ದೊಡ್ಡ ಕಾಗೆಗಳದ್ದೂ ಇದೇ ಕೆಲಸ. ಹಳೆಯ ಮರಗಳನ್ನು ಕಡಿದು ಕಡಿದು ಮರ್ಲೆಟ್‌ಗೆ ಜಾಗವೇ ಇಲ್ಲದಂತಾಗಿದೆ, ಉಳಿದ ಜಾಗದಲ್ಲೂ ಹೀಗಾದರೆ ಎಲ್ಲಿಗೆ ಹೋಗಬೇಕು ಹೇಳಿ?

ಹಾಗಾಗಿ ಅಮ್ಮನಿಗೆ ಇಷ್ಟೇ ಹೇಳಿ: ಊರಲ್ಲಿ ಕಾಗೆಗೆ ಅನ್ನ ಇಡುವುದು ಪುಣ್ಯವೇ, ಇಲ್ಲಿ ಅದೇ ತುತ್ತು ಇನ್ನೊಂದು ಹಕ್ಕಿಯ ಮರಿಗೆ ಮುಳುವಾಗುತ್ತದೆ. ನಮ್ಮತ್ತೆಗೆ ನಾನು ಹೇಳಿದ್ದೂ ಇದನ್ನೇ. ಆ ರಾತ್ರಿ ಮಕ್ಕಳು ಚುರುಮುರಿ ತಿಂದಿದ್ದರು, ಮೇಜಿನ ಕೆಳಗೆಲ್ಲ ಮಂಡಕ್ಕಿ. ಅತ್ತೆ ಟಾರ್ಚ್ ಹಿಡಿದು ಕೂತು, ರೆಡ್‌ವುಡ್‌ನ ಒಣ ಎಲೆಗಳ ನಡುವಿನಿಂದ ಒಂದೊಂದೇ ಕಾಳು ಆರಿಸಿ ಸೆರಗಿಗೆ ಹಾಕಿಕೊಂಡರು. ಮರುದಿನ ಬೆಳಕು ಹರಿಯುವ ಮುಂಚೆ ಕೊಂಬೆಗಳ ಮೇಲಿನಿಂದ 'ಕೀರ್, ಕೀರ್' ಅಂತ ದನಿ ಹಾದುಹೋಯಿತು. ಹಕ್ಕಿ ಕಾಣಲಿಲ್ಲ, ಆದರೆ ಸಮುದ್ರದಿಂದ ಮರಿಗೆ ಮೀನು ತರುವ ಹೊತ್ತು ಅದೇ.

ಅಡುಗೆಗೆ ಬಂದರೆ, ಉದುರುವ ತಿಂಡಿ ಬೇಡ. ಮನೆಯಿಂದಲೇ ಪುಳಿಯೋಗರೆ ಗೊಜ್ಜು ಒಯ್ಯಿರಿ, ಹೊರಗಿನ ಮೇಜಿನ ಮೇಲೆ ಚಿಕ್ಕ ಗ್ಯಾಸ್ ಒಲೆಯಲ್ಲಿ ಅನ್ನ ಮಾಡಿಕೊಂಡರೆ ಸಾಕು. ಮುಸುರೆ ನೀರನ್ನು ಮರದ ಬುಡಕ್ಕೆ ಚೆಲ್ಲಬೇಡಿ, ಅದಕ್ಕೆಂದೇ ಜಾಗ ಇರುತ್ತದೆ. ತಿನ್ನುವುದೆಲ್ಲ, ಸೋಪು, ಟೂತ್‌ಪೇಸ್ಟ್ ಸಹ, ಅಲ್ಲಿನ ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟು ಚಿಲಕ ಹಾಕಿ. ಉತ್ತರದ ಪಾರ್ಕುಗಳಲ್ಲಿ ಕರಡಿ ಇದೆ. ಸೌದೆ ಮನೆಯಿಂದ ಒಯ್ಯಬೇಡಿ, ಅದರ ಜೊತೆ ಹುಳು, ಮರದ ರೋಗ ಹೋಗುತ್ತವೆ. ಕಾಡಿನಲ್ಲಿ ಬಿದ್ದ ಕಡ್ಡಿಯನ್ನೂ ಆರಿಸುವಂತಿಲ್ಲ. ಅಲ್ಲೇ ಮಾರುತ್ತಾರೆ, ಕೊಳ್ಳಿ.

ಪ್ರಶ್ನೆ: 2015ರಲ್ಲಿ ಬಿಗ್ ಬೇಸಿನ್ ಕ್ಯಾಬಿನ್‌ನಲ್ಲಿ ಇದ್ದು ಬಂದಿದ್ದೆ. ಸುಟ್ಟುಹೋಯಿತು ಅಂತ ಕೇಳಿ ಬೇಜಾರಾಯಿತು. ಈಗ ಅಲ್ಲಿ ಏನಾದರೂ ಉಳಿದಿದೆಯಾ? — ನಿವೃತ್ತ ಅಧ್ಯಾಪಕರು, ಬೆಂಗಳೂರು

ಉತ್ತರ: ಸರ್, ಮರಗಳು ಉಳಿದಿವೆ. 1902ರಲ್ಲಿ ಶುರುವಾದ, ಕ್ಯಾಲಿಫೋರ್ನಿಯಾದ ಅತಿ ಹಳೆಯ ಸ್ಟೇಟ್ ಪಾರ್ಕ್ ಅದು. 2020ರ ಆಗಸ್ಟ್‌ನಲ್ಲಿ ಸಿಡಿಲು ಹೊಡೆದು ಹತ್ತಿದ ಬೆಂಕಿ ಪಾರ್ಕಿನ ನೂರಕ್ಕೆ 97 ಭಾಗಕ್ಕೆ ಹಬ್ಬಿತು. ನೀವು ಮಲಗಿದ್ದ ಕ್ಯಾಬಿನ್‌ಗಳು, ಹಳೆಯ ಕಚೇರಿ ಕಟ್ಟಡ ಎಲ್ಲವೂ ಹೋದವು. ಆದರೆ ದೊಡ್ಡ ರೆಡ್‌ವುಡ್ ಮರದ ತೊಗಟೆ ಒಂದು ಅಡಿ ದಪ್ಪದವರೆಗೂ ಇರುತ್ತದೆ, ಒಳಗಿನ ಜೀವ ಬೇಗ ಬೇಯುವುದಿಲ್ಲ. ತೊಗಟೆಯ ಅಡಿಯಲ್ಲಿ ಸುಮ್ನೆ ಮಲಗಿದ್ದ ಮೊಗ್ಗುಗಳು ಬೆಂಕಿಯ ನಂತರ ಎದ್ದು, ಕಪ್ಪು ಕಾಂಡದ ಉದ್ದಕ್ಕೂ ಹಸಿರು ಒಡೆದವು. ಮರ ಸ್ವೆಟರ್ ಹಾಕಿಕೊಂಡ ಹಾಗೆ ಕಾಣುತ್ತದೆ. 2022ರ ಜುಲೈನಲ್ಲಿ ಪಾರ್ಕ್ ಹಗಲಿನ ಭೇಟಿಗೆ ಮತ್ತೆ ತೆರೆಯಿತು. ಹೋಗಿ ಬನ್ನಿ ಸರ್, ನಿಮಗೆ ಸಮಾಧಾನ ಆಗುತ್ತದೆ.

ಪ್ರಶ್ನೆ: ಪ್ರಪಂಚದ ಅತಿ ಎತ್ತರದ ಮರ ನೋಡಬಹುದಾ? ಅದರ ಕಾಯಿ ತರಬಹುದಾ? — ಆರನೇ ತರಗತಿ, ಶಿವಮೊಗ್ಗ

ಉತ್ತರ: ಪುಟ್ಟಾ, ಅದರ ಹೆಸರು ಹೈಪೀರಿಯನ್, ಸುಮಾರು 116 ಮೀಟರ್. 2006ರಲ್ಲಿ ಪತ್ತೆಯಾಯಿತು. ದಾರಿ ಇಲ್ಲದ ಕಡೆ ಜನ ನುಗ್ಗಿ ಬೇರಿನ ಮೇಲೆಲ್ಲ ತುಳಿದು ಹಾಳುಮಾಡಿದ್ದಕ್ಕೆ 2022ರಿಂದ ಅಲ್ಲಿಗೆ ಹೋಗುವ ಹಾಗಿಲ್ಲ. ಅಷ್ಟು ಎತ್ತರದ ಮರ ಅಲ್ವಾ, ಬೇರು ಮಾತ್ರ ಆಳಕ್ಕೆ ಇಳಿಯುವುದಿಲ್ಲ. ಸುಮಾರು ಎರಡು ಆಳಿನಷ್ಟು ಇಳಿದು, ಆಮೇಲೆ ಅಡ್ಡಡ್ಡ ಹರಡಿ ಪಕ್ಕದ ಮರಗಳ ಬೇರಿನ ಜೊತೆ ಹೆಣೆದುಕೊಳ್ಳುತ್ತದೆ. ಕಾಯಿ ನೆಲ್ಲಿಕಾಯಿಯಷ್ಟು ಚಿಕ್ಕದು, ಬೀಜ ಟೊಮೆಟೊ ಬೀಜದಷ್ಟು. ಸ್ಟೇಟ್ ಪಾರ್ಕಿನಿಂದ ಏನನ್ನೂ ತರುವಂತಿಲ್ಲ. ಅಂಗೈ ಮೇಲೆ ಇಟ್ಟು ಚೆನ್ನಾಗಿ ನೋಡಿ, ಚಿತ್ರ ಬರೆದುಕೊಂಡು ಅಲ್ಲೇ ಇಟ್ಟು ಬಾ. ಆ ಚಿತ್ರ ನಮಗೂ ಕಳಿಸು.

ಪ್ರಶ್ನೆ: ನನಗೆ ಗೇರಿನ ಸೊನೆ ತಾಗಿದರೆ ಮೈಯೆಲ್ಲ ಗುಳ್ಳೆ ಏಳುತ್ತದೆ. ಆ ಕಾಡಿನಲ್ಲಿ ಪಾಯ್ಸನ್ ಓಕ್ ಎಂಬ ಗಿಡ ಇದೆಯಂತೆ, ನಿಜವೇ? — ಕೃಷಿಕರು, ಪುತ್ತೂರು

ಉತ್ತರ: ನಿಜ, ನೀವು ಜಾಸ್ತಿಯೇ ಹುಷಾರಾಗಿರಬೇಕು. ಪಾಯ್ಸನ್ ಓಕ್ ನಮ್ಮ ಮಾವು, ಗೇರಿನ ಕುಟುಂಬದ್ದೇ ಗಿಡ. ಗೇರಿನ ಸಿಪ್ಪೆಯ ಎಣ್ಣೆಯಲ್ಲಿರುವ ಥರದ್ದೇ ಅಂಶ ಇದರಲ್ಲೂ ಇದೆ, ಒಂದು ಆಗದವರಿಗೆ ಇನ್ನೊಂದೂ ಆಗದಿರುವ ಸಂಭವ ಹೆಚ್ಚು. ಒಂದೇ ತೊಟ್ಟಿನಲ್ಲಿ ಮೂರು ಎಲೆ, ಹೊಸದಾಗಿ ಚಿಗುರಿದಾಗ ಹೊಳೆಯುತ್ತದೆ, ಬೇಸಿಗೆ ಕಳೆಯುವಾಗ ಕೆಂಪಾಗುತ್ತದೆ. ಎಲೆ ಉದುರಿದ ಮೇಲೆ ಬರೀ ಕಡ್ಡಿ ತಾಗಿದರೂ ತುರಿಸುತ್ತದೆ. ಕಾಲುದಾರಿಯ ನಡುವೆ ನಡೆಯಿರಿ, ಪ್ಯಾಂಟ್ ಉದ್ದದ್ದು ಇರಲಿ. ಈ ಗಿಡವನ್ನು ಬೆಂಕಿಗೆ ಹಾಕಲೇಬಾರದು, ಹೊಗೆಯೂ ಅಪಾಯ. ತಾಗಿತು ಅಂತ ಅನುಮಾನ ಬಂದರೂ ಸಾಕು, ಕೂಡಲೇ ಸೋಪು ಹಾಕಿ ತೊಳೆಯಿರಿ. ಆ ದಿನ ಹಾಕಿದ ಬಟ್ಟೆ, ಶೂ ಲೇಸನ್ನೂ ತೊಳೆಯಿರಿ, ಎಣ್ಣೆ ಅದರಲ್ಲಿ ಉಳಿದು ವಾರಗಳ ನಂತರವೂ ತಾಗುತ್ತದೆ. ಗುಳ್ಳೆ ಕಣ್ಣಿನ ಹತ್ತಿರ ಬಂದರೆ ಕಾಯಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.